ಹಾಸ್ಟೆಲಿನ ಕರೆಂಟ್ ಅಳೆದದ್ದು

ಯಾರಾದರೂ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದರೆ ನಾನು ತಪ್ಪಿಸಿಕೊಳ್ಳುವುದಿಲ್ಲ. ಊಟ ಚೆನ್ನಾಗಿರುತ್ತದೆ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಕೇಳಿದರೆ ನೀವು ನಗುತ್ತೀರಿ. ನನಗೆ ಆ ಮನೆಯ ಮೀಟರ್ ಬೋರ್ಡ್ ನೋಡಬೇಕು. ಮನೆಯವರು ದೇವರ ಕೋಣೆ, ಅಡುಗೆಮನೆ, ಗ್ರಾನೈಟ್ ನೆಲ ಎಲ್ಲವನ್ನೂ ಉತ್ಸಾಹದಿಂದ ತೋರಿಸುತ್ತಿರುವಾಗ ನನ್ನ ಕಣ್ಣು ಬಾಗಿಲ ಪಕ್ಕದ ಆ ಪುಟ್ಟ ಪೆಟ್ಟಿಗೆಯನ್ನು ಹುಡುಕುತ್ತಿರುತ್ತದೆ. ಹೋದ ವರ್ಷ ಚಿಕ್ಕಮಗಳೂರಿನಲ್ಲಿ ನನ್ನ ತಂಗಿಯ ಬೀಗರ ಮನೆಗೆ ಹೋದಾಗ ಆ ಯಜಮಾನರು ತೇಗದ ಬಾಗಿಲಿನ ಕೆತ್ತನೆಯನ್ನು ನಾನು ಮೆಚ್ಚಿ ನೋಡುತ್ತಿದ್ದೇನೆ ಎಂದುಕೊಂಡು ಬಡಗಿಯ ಊರು, ಕುಲ, ಗೋತ್ರ ಎಲ್ಲ ಹೇಳಿದರು. ನಾನು ಬಾಗಿಲಿನ ಆಚೆ ನೋಡುತ್ತಿದ್ದೆ. ಅಲ್ಲಿ ಈಚಿನ ಮಾದರಿಯ ಮೀಟರ್ ಇತ್ತು. ಒಂದು ಕೆಂಪು ದೀಪ ಮಿಣಿಮಿಣಿ ಎನ್ನುತ್ತದೆ, ಅಷ್ಟೆ. ನನಗೆ ಅದು ಹಿಡಿಸುವುದಿಲ್ಲ. ನನ್ನದೇನಿದ್ದರೂ ಗಾಜಿನ ಹಿಂದೆ ಅಲ್ಯೂಮಿನಿಯಂ ಚಕ್ರ ತಿರುಗುತ್ತಿದ್ದ ಹಳೆಯ ಮೀಟರ್.

"ಇವಳನ್ನ ಅರಮನೆಗೆ ಕರ್ಕೊಂಡು ಹೋದ್ರೂ ಮೀಟರ್ ಎಲ್ಲಿದೆ ಅಂತ ಕೇಳ್ತಾಳೆ" ಎಂದು ನಮ್ಮ ಯಜಮಾನರು ಬಂದವರ ಮುಂದೆಲ್ಲ ಹೇಳುತ್ತಾರೆ. ಕೇಳಿದರೆ ತಪ್ಪೇನು? ಅರಮನೆಗೂ ಕರೆಂಟ್ ಬೇಕಲ್ಲ.

ಈ ಚಟ ಹತ್ತಿದ್ದು ನಮ್ಮೂರು ಕಳಸದಲ್ಲಿ. ನಮ್ಮ ತಂದೆಯದು ಅಲ್ಲಿ ಬಟ್ಟೆ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಎರಡಕ್ಕೂ ಸೇರಿ ಒಂದೇ ಮೀಟರ್, ಅದು ಅಪ್ಪನ ಗಾದಿಯ ಮೇಲೆ, ಬಸವಣ್ಣನವರ ಫೋಟೋದ ಪಕ್ಕದಲ್ಲಿತ್ತು. ಫೋಟೋಕ್ಕೆ ಹೂ ಏರಿಸುವಾಗ ಅಪ್ಪ ಮೀಟರಿಗೂ ಒಂದು ಹೂ ಸಿಕ್ಕಿಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಸೀರೆಯ ಗಂಟಿನ ಮೇಲೆ ಕುಳಿತು ಆ ಚಕ್ರವನ್ನು ನೋಡುತ್ತಿದ್ದೆ. ಚಕ್ರದ ಅಂಚಿನಲ್ಲಿ ಒಂದು ಕೆಂಪು ಗುರುತು. ಅದು ಗಾಜಿನ ಎಡಗಡೆಯಿಂದ ಬಂದು ಬಲಗಡೆ ಮರೆಯಾಗಿ, ಹಿಂದಿನಿಂದ ಸುತ್ತಿಕೊಂಡು ಮತ್ತೆ ಬರಬೇಕು. ಅಂಗಡಿಯ ಒಂದೇ ಬಲ್ಬು ಉರಿಯುತ್ತಿದ್ದರೆ ಆ ಗುರುತು ಉಂಡು ಎದ್ದ ಯಜಮಾನನಂತೆ ಬಲು ನಿಧಾನವಾಗಿ ಬರುತ್ತಿತ್ತು. ಒಳಗೆ ಅಮ್ಮ ಇಸ್ತ್ರಿಪೆಟ್ಟಿಗೆ ಹಾಕಿದಳೋ, ಚಕ್ರ ಬೆನ್ನಟ್ಟಿಸಿಕೊಂಡಂತೆ ಓಡುತ್ತಿತ್ತು. "ಅಮ್ಮ ಇಸ್ತ್ರಿಗೆ ಕೂತ್ಲು" ಎಂದು ನಾನು ಗಿರಾಕಿಗಳ ಮುಂದೆಯೇ ಸಾರುತ್ತಿದ್ದೆ. ಗಿರಾಕಿಯೊಬ್ಬ ಒಳಗೆ ಹೋಗಿ ನೋಡಿ ಬಂದು, ಹುಡುಗಿಗೆ ದೃಷ್ಟಿ ತೆಗೆಸಿ ಎಂದು ಅಪ್ಪನಿಗೆ ಹೇಳಿದ್ದೂ ಉಂಟು.

ಚಕ್ರ ಎಷ್ಟು ಸುತ್ತಿದರೆ ಒಂದು ಯೂನಿಟ್ ಎನ್ನುವುದು ಮೀಟರಿನ ಹಣೆಯ ಮೇಲೆಯೇ ಬರೆದಿರುತ್ತದೆ ಎಂದು ಮುಂದೆ ಬಿ.ಎಸ್ಸಿ. ಓದುವಾಗ ತಿಳಿಯಿತು. ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿಕೊಂಡರೆ ಆ ಹೊತ್ತಿಗೆ ಮನೆಯಲ್ಲಿ ಎಷ್ಟು ಕರೆಂಟ್ ಉರಿಯುತ್ತಿದೆ ಎಂದು ಲೆಕ್ಕ ಹಾಕಬಹುದು. ಪ್ರೊಫೆಸರರು ಇದನ್ನು ಬೋರ್ಡಿನ ಮೇಲೆ ಬರೆದಾಗ ತರಗತಿಯಲ್ಲೆಲ್ಲ ನಾನೊಬ್ಬಳೇ ನಕ್ಕೆ. ಯಾಕೆ ನಕ್ಕೆ ಎಂದು ಕೇಳಿದರು. ಅಮ್ಮನ ಇಸ್ತ್ರಿಯ ಕತೆ ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ಇನ್ನು ಮೂಡಿಗೆರೆಯ ಮಾತು. ತೊಂಬತ್ತರ ದಶಕದಲ್ಲಿ ನಾನು ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಶಾಲೆಗೆ ಅಂಟಿಕೊಂಡೇ ಹಾಸ್ಟೆಲ್. ಬಸ್ಸು ಹೋಗದ ಊರುಗಳಿಂದ, ಕಾಫಿ ತೋಟದ ಕೂಲಿಯವರ ಲೈನುಗಳಿಂದ ಬಂದ ಹುಡುಗಿಯರು ಅಲ್ಲಿದ್ದರು. ವಾರ್ಡನ್ ಜಯಮ್ಮನವರು ಗಟ್ಟಿ ಹೆಂಗಸು. ಇಡೀ ಹಾಸ್ಟೆಲನ್ನು ಒಂದು ಕೆಮ್ಮಿನಲ್ಲಿ ಸುಮ್ಮನಾಗಿಸುತ್ತಿದ್ದರು. ಹಾಸ್ಟೆಲ್ ನಡೆಸುತ್ತಿದ್ದುದು ಊರಿನ ಹಿರಿಯರ ಒಂದು ಸಮಿತಿ. ಅದರ ಅಧ್ಯಕ್ಷರು ಮಂಜೇಗೌಡರು, ದೊಡ್ಡ ಎಸ್ಟೇಟಿನವರು. ಕೊಡುಗೈ, ಜೋರು ದನಿ, ಯಾರ ಮಾತನ್ನೂ ಪೂರ್ತಿ ಕೇಳುವ ತಾಳ್ಮೆ ಇಲ್ಲ.

ಆ ಮಳೆಗಾಲ ಹಾಸ್ಟೆಲಿನ ಫ್ಯೂಸ್ ಬೆಳಗಿನ ಜಾವವಾದರೆ ಸಾಕು, ಸುಟ್ಟು ಹೋಗುತ್ತಿತ್ತು. ಹುಡುಗಿಯರು ಕತ್ತಲಲ್ಲಿ ಎದ್ದು ಓದಲು ಕೂರುವ ಹೊತ್ತಿಗೆ ಸರಿಯಾಗಿ ಟಪ್ ಎಂದು ಎಲ್ಲ ನಂದುತ್ತಿತ್ತು. ಆಮೇಲೆ ಬೆಳಕು ಹರಿಯುವವರೆಗೆ ಮೊಂಬತ್ತಿ. ಸಮಿತಿ ಸಭೆ ಸೇರಿ ಕಾರಣ ಕಂಡುಹಿಡಿಯಿತು. ಓದುವ ಹಾಲಿನಲ್ಲಿ ಟ್ಯೂಬ್‌ಲೈಟುಗಳು ಜಾಸ್ತಿ. ಟ್ಯೂಬ್‌ಲೈಟ್ ಬಲ್ಬಿಗಿಂತ ಬೆಳ್ಳಗೆ ಉರಿಯುತ್ತದೆ, ಆದ್ದರಿಂದ ಕರೆಂಟನ್ನೂ ಜಾಸ್ತಿ ಎಳೆಯುತ್ತದೆ ಎಂದು ಒಬ್ಬರು ವಿವರಿಸಿದರು, ಉಳಿದವರು ತಲೆದೂಗಿದರು. ಇನ್ನು ಮೇಲೆ ಬೆಳಗಿನ ಓದು ಬೇಡ, ಹಾಲಿನ ದೀಪ ಹಚ್ಚುವುದು ಬೇಡ ಎಂದು ತೀರ್ಮಾನ ಆಗುವುದರಲ್ಲಿತ್ತು. ನಾನು ಶಾಲೆಯ ಪರವಾಗಿ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದೆ. ಬಾಯಿ ಸುಮ್ಮನಿರಲಿಲ್ಲ.

"ಗೌಡ್ರೇ, ಯಾವುದು ಎಷ್ಟು ಎಳೀತದೆ ಅಂತ ಒಂದ್ಸಲ ಅಳೆದು ನೋಡೋಣ. ಆಮೇಲೆ ದೀಪ ತೆಗೆಸಿ."

ಮಂಜೇಗೌಡರು ನನ್ನ ಕಡೆ ತಿರುಗಿದರು. "ಅಳೆಯೋದಾ? ಕರೆಂಟನ್ನ ಏನು ಕೊಳಗದಲ್ಲಿ ಅಳೀತೀರಾ ಟೀಚರೇ?"

ಎಲ್ಲರೂ ನಕ್ಕರು. ನನಗೂ ನಗು ಬಂತು. "ಕೊಳಗ ನಿಮ್ಮ ಗೋಡೆ ಮೇಲೇ ಇದೆ. ಹುಡುಗೀರನ್ನ ಕೊಡಿ, ಈ ಶನಿವಾರ ಅಳೆದು ತೋರಿಸ್ತೀನಿ" ಎಂದೆ. ಪಾಠ ಮಾಡಿದ್ದೆನೇ ಹೊರತು ಒಂದು ಇಡೀ ಕಟ್ಟಡವನ್ನು ಹೀಗೆ ಅಳೆದವಳಲ್ಲ ನಾನು.

"ಆಯ್ತು, ಭಾನುವಾರ ನಾನೇ ಬರ್ತೀನಿ. ಏನು ಅಳೆದ್ರಿ ನೋಡೋಣ" ಎಂದರು ಗೌಡರು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಶುರು ಮಾಡಿದೆವು. ಹತ್ತನೇ ತರಗತಿಯ ಹುಡುಗಿಯರಿಗೆ ಹೇಗೆ ಅಳೆಯುವುದೆಂದು ಮೊದಲು ಹೇಳಿಕೊಟ್ಟೆ. ಒಬ್ಬಳು ಸ್ಟೂಲಿನ ಮೇಲೆ ನಿಂತು ಮೀಟರಿನ ಕೆಂಪು ಗುರುತು ಕಂಡಾಗ "ಬಂತು" ಎನ್ನಬೇಕು. ಇನ್ನೊಬ್ಬಳು ನನ್ನ ಕೈಗಡಿಯಾರ ಹಿಡಿದು ಹೊತ್ತು ನೋಡಬೇಕು. ಮತ್ತೊಬ್ಬಳು ಗೋಡೆಯ ಕರಿಹಲಗೆಯ ಮೇಲೆ ಬರೆಯಬೇಕು. ಉಳಿದವರು ಕೋಣೆ ಕೋಣೆಯಲ್ಲಿ ಸ್ವಿಚ್ಚಿನ ಪಕ್ಕ ನಿಂತು, ಕೂಗಿದಾಗ ಹಾಕಬೇಕು, ಕೂಗಿದಾಗ ಆರಿಸಬೇಕು. ಒಂದು ಸಲಕ್ಕೆ ಒಂದೇ ಬಗೆಯ ಸಾಮಾನು. ಸ್ಟೂಲಿನ ಮೇಲೆ ನಿಲ್ಲುವ ಕೆಲಸಕ್ಕೆ ಜಗಳವೇ ಆಯಿತು. ಕೊನೆಗೆ ಎಲ್ಲರಿಗೂ ಒಂದೊಂದು ಸರದಿ ಕೊಡಬೇಕಾಯಿತು.

ಮೊದಲು ಓದುವ ಹಾಲಿನ ಟ್ಯೂಬ್‌ಲೈಟುಗಳು. ಎಲ್ಲವನ್ನೂ ಒಟ್ಟಿಗೆ ಹಾಕಿಸಿದೆ. ಚಕ್ರ ಬೇಸರದಿಂದ ಹೆಜ್ಜೆ ಹಾಕಿತು. ಅಪರಾಧಿಗಳೆಂದು ಸಮಿತಿ ಹೆಸರಿಸಿದ್ದವರು ಇಷ್ಟು ಬಡಪಾಯಿಗಳೇ ಎಂದು ಹುಡುಗಿಯರು ನಕ್ಕರು. ಅಡುಗೆಮನೆಯ ಗ್ರೈಂಡರ್ ಹಾಕಿದಾಗ ಚಕ್ರ ಸ್ವಲ್ಪ ಚುರುಕಾಯಿತು. ಆಮೇಲೆ ಬಚ್ಚಲಿನ ಗೀಸರ್. ಮೊದಲು ಅಲ್ಲಿ ಹಂಡೆ ಒಲೆ ಇತ್ತು. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಹುಡುಗಿಯರ ಕಣ್ಣು ಕೆಂಪಾಗುತ್ತದೆ ಎಂದು ಮಂಜೇಗೌಡರೇ ದೊಡ್ಡ ಗೀಸರ್ ಕೊಡಿಸಿದ್ದರು. ಅದನ್ನು ಹಾಕಿದಾಗ ಕೆಂಪು ಗುರುತು ಹೋಯಿತು ಎನ್ನುವಷ್ಟರಲ್ಲಿ ಮತ್ತೆ ಬರುತ್ತಿತ್ತು. ಸ್ಟೂಲಿನ ಮೇಲಿದ್ದವಳು "ಬಂತು, ಬಂತು, ಬಂತು" ಎಂದು ಹೇಳಿ ಹೇಳಿ ಸುಸ್ತಾದಳು. ಬಾವಿಯ ಪಂಪೂ ಹಾಗೆಯೇ. ಶುರುವಾಗುವ ಕ್ಷಣದಲ್ಲಿ ಚಕ್ರವನ್ನು ಹಿಡಿದು ಎಳೆದಂತೆ ಓಡಿಸುತ್ತಿತ್ತು.

ಜಯಮ್ಮನವರು ಇದನ್ನೆಲ್ಲ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದವರು, ಒಳಗೆ ಹೋಗಿ ತಮ್ಮ ಕೋಣೆಯಿಂದ ಒಂದು ಹೀಟರ್ ತಂದಿಟ್ಟರು. "ಮಂಡಿನೋವಿಗೆ ಇಟ್ಕೊಂಡಿದೀನಿ. ಇದನ್ನೂ ಬರೀರಿ. ಆಮೇಲೆ ನಂದು ಬಿಟ್ರು ಅನ್ನೋದು ಬೇಡ." ಆ ಹೆಂಗಸಿನ ಮೇಲೆ ನನಗೆ ಗೌರವ ಹೆಚ್ಚಾಯಿತು.

ಕರಿಹಲಗೆ ತುಂಬಿದಾಗ ಉತ್ತರ ಎಲ್ಲರ ಕಣ್ಣ ಮುಂದೆಯೇ ಇತ್ತು. ಬೆಳಗ್ಗೆ ಟ್ಯಾಂಕಿಗೆ ನೀರು ಏರಿಸುವುದೂ ಸ್ನಾನದ ನೀರು ಕಾಯಿಸುವುದೂ ಒಂದೇ ಹೊತ್ತಿಗೆ. ಎರಡೂ ಒಟ್ಟಿಗೆ ಬಿದ್ದರೆ ಫ್ಯೂಸ್ ತಡೆಯುವುದಿಲ್ಲ. ಪಂಪನ್ನು ಸಂಜೆಗೆ ಹಾಕಿದರೆ, ಪಂಪು ಓಡುವಾಗ ಗೀಸರ್ ಆರಿಸಿದರೆ ಮುಗಿಯಿತು. ದೀಪಗಳು ಉರಿಯಲಿ, ಓದುವವರು ಓದಲಿ. ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ನಾಳೆ ಗೌಡರ ಮುಂದೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಭಾಷಣ ಸಿದ್ಧಪಡಿಸತೊಡಗಿದೆ.

ಭಾಷಣ ಅರ್ಧ ಆಗಿರಬೇಕು, ಸ್ಟೂಲಿನ ಮೇಲಿದ್ದ ಹುಡುಗಿ, "ಮಿಸ್, ಇದು ಇನ್ನೂ ತಿರುಗ್ತಾ ಇದೆ" ಎಂದಳು.

"ಯಾರೋ ಏನೋ ಆಫ್ ಮಾಡಿಲ್ಲ ನೋಡಿ" ಎಂದೆ.

ಕೋಣೆ ಕೋಣೆಗೂ ಹೋಗಿ ನೋಡಿದರು. ಎಲ್ಲ ಆರಿತ್ತು. ಪ್ಲಗ್ಗುಗಳನ್ನೂ ಕೀಳಿಸಿದೆ. ನಾನೇ ಸ್ಟೂಲು ಹತ್ತಿ ನೋಡಿದೆ. ಕೆಂಪು ಗುರುತು ಬಹಳ ನಿಧಾನವಾಗಿ, ಕಣ್ಣಿಗೆ ಮೋಸವೋ ಎನ್ನುವಷ್ಟು ನಿಧಾನವಾಗಿ, ಸರಿಯುತ್ತಿತ್ತು. ಒಂದೇ ಒಂದು ಸಾಮಾನು ನಡೆಯುತ್ತಿಲ್ಲ, ಆದರೂ ಕರೆಂಟ್ ಎಲ್ಲಿಗೋ ಹೋಗುತ್ತಿದೆ. ಎಲ್ಲ ನಲ್ಲಿಗಳನ್ನು ಮುಚ್ಚಿದ ಮೇಲೂ ಟ್ಯಾಂಕಿನ ನೀರು ಇಳಿಯುತ್ತಿದ್ದರೆ ಹೇಗೋ ಹಾಗೆ. ಎಲ್ಲಿಗೆ ಹೋಗುತ್ತಿದೆ?

ಆಗ ಹಿಂದಿನಿಂದ ಒಂದು ಸಣ್ಣ ದನಿ ಬಂತು. "ಮಿಸ್, ಅದು ಹಿಂದಿನ ಜಗಲಿಯ ತಂತಿ ಇರ್ಬೋದು."

ಸುನಂದ. ಜಾವಳಿಯ ಹುಡುಗಿ, ತರಗತಿಯಲ್ಲಿ ಕೇಳಿದರೆ ಮಾತ್ರ ಉತ್ತರ ಹೇಳುವವಳು. ಅಂದು ಸರದಿ ಬಂದರೂ ಸ್ಟೂಲು ಹತ್ತದೆ ಹಿಂದೆಯೇ ನಿಂತಿದ್ದಳು.

"ಯಾವ ತಂತಿ?"

"ಬಟ್ಟೆ ಒಣಗಿಸೋ ತಂತಿ ಮಿಸ್. ಒದ್ದೆ ಬಟ್ಟೆ ಹಾಕುವಾಗ ಕೈ ಜುಮ್ ಅಂತದೆ. ಮಳೆ ಜೋರಾದ ದಿನ ಮೊಣಕೈ ತನಕ ಬರ್ತದೆ."

"ಮತ್ತೆ ಶುರು ಮಾಡಿದ್ಲು" ಎಂದರು ಜಯಮ್ಮನವರು. ನನ್ನ ಕಡೆ ತಿರುಗಿ, "ಟೀಚರೇ, ಇವಳದ್ದು ಇದೇ ರಗಳೆ. ನಾನೂ ಮುಟ್ಟಿ ನೋಡಿದೀನಿ, ನಂಗೇನೂ ಆಗ್ಲಿಲ್ಲ. ಬಟ್ಟೆ ಒಗೆಯೋ ಸರದಿ ತಪ್ಪಿಸ್ಕೊಳ್ಳೋಕೆ ಒಂದು ನೆವ. ಈಗ ಸಣ್ಣ ಹುಡುಗೀರೂ ಭೂತ ಇದೆ ಅಂತ ಜಗಲಿಗೆ ಹೋಗಲ್ಲ. ಅದಕ್ಕೇ ಅವಳಪ್ಪನಿಗೆ ಹೇಳಿ ಕಳಿಸಿದೀನಿ. ನಾಳೆ ಬಂದು ಕರ್ಕೊಂಡು ಹೋಗ್ತಾರೆ."

ಕರೆದುಕೊಂಡು ಹೋಗುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಹಾಗೆ ಹೋದ ಹುಡುಗಿಯರು ಮತ್ತೆ ಶಾಲೆಗೆ ಬರುತ್ತಿರಲಿಲ್ಲ. ಸುನಂದ ನೆಲ ನೋಡುತ್ತ ನಿಂತಿದ್ದಳು.

"ಜಯಮ್ಮನೋರೆ, ನೀವು ಮುಟ್ಟಿದಾಗ ಕಾಲಲ್ಲಿ ಚಪ್ಪಲಿ ಇತ್ತಾ?" ಎಂದು ಕೇಳಿದೆ.

"ಇರದೆ ಮತ್ತೆ? ಆ ಥಂಡಿ ನೆಲದಲ್ಲಿ ಬರಿಗಾಲಲ್ಲಿ ಓಡಾಡಿದ್ರೆ ನನ್ನ ಮಂಡಿ ಉಳೀತದಾ?"

ಹುಡುಗಿಯರು ಒಗೆದ ಬಟ್ಟೆಯನ್ನು ಬರಿಗಾಲಲ್ಲಿ, ನೀರು ನಿಂತ ನೆಲದ ಮೇಲೆ ನಿಂತು ಹರವುತ್ತಿದ್ದರು. ಚಪ್ಪಲಿ ತಡೆಯುವ ಕರೆಂಟನ್ನು ಒದ್ದೆ ಬರಿಗಾಲು ತಡೆಯುವುದಿಲ್ಲ. ಯಾರೂ ಜಗಲಿಗೆ ಹೋಗಕೂಡದೆಂದು ಹೇಳಿ, ಮೇನ್ ಸ್ವಿಚ್ ಆರಿಸಿ, ಹಿಂದಿನ ಜಗಲಿಯ ಕಡೆಗೆ ಹೋಗುವ ಲೈನಿನ ಫ್ಯೂಸ್ ಒಂದನ್ನೇ ಕಿತ್ತೆ. ಮತ್ತೆ ಮೇನ್ ಹಾಕಿದೆ. "ಸುನಂದ, ಬಾ. ನೀನೇ ಹತ್ತಿ ನೋಡು" ಎಂದೆ.

ಅವಳು ಸ್ಟೂಲು ಹತ್ತಿದಳು. ಗಾಜಿಗೆ ಮುಖ ಇಟ್ಟು ಬಹಳ ಹೊತ್ತು ನೋಡಿದಳು. "ನಿಂತಿದೆ ಮಿಸ್" ಎಂದಳು.

ಮತ್ತೆ ಮೇನ್ ಆರಿಸಿ, ಆ ಫ್ಯೂಸ್ ಹಾಕಿ, ಮೇನ್ ಹಾಕಿದೆ.

"ಹೊರಟಿತು" ಎಂದಳು. ಅವಳು ಇಳಿಯದೆ ಅಲ್ಲೇ ಗೋಡೆಯ ಕಡೆ ತಿರುಗಿ ನಿಂತು ಅತ್ತಳು. ಅವಳು ಹೇಳಿದ್ದು ನಿಜ ಎಂದು ಮೊಟ್ಟಮೊದಲ ಬಾರಿಗೆ ಅವಳ ಪರವಾಗಿ ಸಾಕ್ಷಿ ಹೇಳಿದ್ದು ಆ ಚಕ್ರ. ಜಯಮ್ಮನವರು ಜಗಲಿಯ ಬಾಗಿಲಿಗೆ ಚಿಲಕ ಹಾಕಿ, ತಮ್ಮ ಕುರ್ಚಿಯನ್ನು ಅದಕ್ಕೆ ಅಡ್ಡ ಹಾಕಿಕೊಂಡು ಕುಳಿತರು. ನಾನು ಆ ಫ್ಯೂಸನ್ನು ಕಿತ್ತು ನನ್ನ ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ.

ಭಾನುವಾರ ಬೆಳಗ್ಗೆ ನಾನು ಹೇಳಿ ಕಳಿಸಿದ್ದ ವೈರ್‌ಮನ್ ಅಂತೋಣಿ ಬಂದ. ಮೂಡಿಗೆರೆಯ ಅರ್ಧ ಮನೆಗಳಿಗೆ ವೈರಿಂಗ್ ಮಾಡಿದವನು. ಮಂಜೇಗೌಡರೂ ಬಂದರು. ಫ್ಯೂಸ್ ಹಾಕಿಸಿ, ಅಂತೋಣಿ ಟೆಸ್ಟರನ್ನು ಬಟ್ಟೆಯ ತಂತಿಗೆ ತಾಗಿಸಿದ. ಟೆಸ್ಟರಿನ ಪುಟ್ಟ ದೀಪ ಹತ್ತಿತು. ಲೈನ್ ಆರಿಸಿ, ತಂತಿ ಕಟ್ಟಿದ್ದ ದಪ್ಪ ಮೊಳೆಯ ಸುತ್ತ ಗಾರೆ ಕೆತ್ತಿದ. ಒಳಗೆ ವೈರಿನ ಪೈಪು. ಮೊಳೆ ಪೈಪನ್ನು ತೂರಿ ಒಳಗಿನ ವೈರಿನ ರಬ್ಬರನ್ನು ಸೀಳಿತ್ತು. ಬೇಸಿಗೆಯಲ್ಲಿ ಗೋಡೆ ಒಣಗಿದ್ದಾಗ ಏನೂ ಗೊತ್ತಾಗುತ್ತಿರಲಿಲ್ಲ. ಮಳೆ ಹಿಡಿದು ಗೋಡೆ ನೀರು ಕುಡಿದ ಮೇಲೆ ಕರೆಂಟ್ ಗೋಡೆಯೊಳಗೆ ಇಳಿದು ಮಣ್ಣಿಗೆ ಹೋಗುತ್ತಿತ್ತು. ಮೀಟರ್ ಅದನ್ನೂ ಬಿಡದೆ ಎಣಿಸುತ್ತಿತ್ತು.

"ಮೊಳೆ ಇನ್ನೊಂದು ಚೂರು ಒಳಗೆ ಹೋಗಿದ್ರೆ..." ಎಂದು ಶುರು ಮಾಡಿದ ಅಂತೋಣಿ, ಸುತ್ತ ನಿಂತಿದ್ದ ಹುಡುಗಿಯರನ್ನು ನೋಡಿ ಮಾತು ನಿಲ್ಲಿಸಿದ.

ಮಂಜೇಗೌಡರು ಆ ಕುಳಿಯನ್ನೇ ನೋಡುತ್ತ ನಿಂತರು. ಆಮೇಲೆ ಹಾಲಿಗೆ ಬಂದು ಕರಿಹಲಗೆಯನ್ನು ಮೇಲಿಂದ ಕೆಳಗೆ ಓದಿದರು. "ಇದನ್ನ ಯಾರು ಹೇಳ್ತೀರಿ ನಂಗೆ?" ಎಂದು ಕೇಳಿದರು. ಹುಡುಗಿಯರು ಹೇಳಿದರು. ಮಧ್ಯೆ ಬಾಯಿ ಹಾಕದೆ ಗೌಡರು ಪೂರ್ತಿ ಕೇಳಿದ್ದನ್ನು ನಾನು ಕಂಡದ್ದು ಅಂದೇ. ನಾನು ಸಿದ್ಧಪಡಿಸಿದ್ದ ಭಾಷಣ ಬೇಕಾಗಲೇ ಇಲ್ಲ. ಹುಡುಗಿಯರು ಅದಕ್ಕಿಂತ ಚೆನ್ನಾಗಿ ಹೇಳಿದರು, ಇನ್ನೂ ಚಿಕ್ಕದಾಗಿಯೂ ಹೇಳಿದರು.

ಇಲ್ಲಿ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ. ಆ ವರ್ಷ ಕಾಫಿ ಕುಯ್ಲು ಶುರುವಾದಾಗ ಗೌಡರು ಜೀಪು ಕಳಿಸಿ ನಮ್ಮನ್ನು ತಮ್ಮ ಎಸ್ಟೇಟಿಗೆ ಕರೆಸಿಕೊಂಡರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟಾರು ಯಾಕೋ ಬಿಸಿಯಾಗುತ್ತಿದೆ, ಅಳೆದು ನೋಡಿ ಎಂದರು. "ಇವರು ನಮ್ಮ ಇಂಜಿನಿಯರುಗಳು" ಎಂದು ಎಸ್ಟೇಟಿನ ಲೆಕ್ಕ ಬರೆಯುವ ತಮ್ಮ ರೈಟರಿಗೆ ಪರಿಚಯಿಸಿದರು. ಎರಡು ಜಡೆ, ರಿಬ್ಬನ್ನು, ಸಮವಸ್ತ್ರದ ಇಂಜಿನಿಯರುಗಳನ್ನು ನೋಡಿ ರೈಟರು ಏನು ಮಾಡುವುದೆಂದು ತೋಚದೆ ಎದ್ದು ನಿಂತು ಕೈಮುಗಿದರು. ಹಾಸ್ಟೆಲಿನಲ್ಲಂತೂ ಪ್ರತಿ ಮಳೆಗಾಲದ ಮೊದಲಿಗೆ ಎಲ್ಲ ಆರಿಸಿ ಚಕ್ರ ನೋಡುವುದು ಪದ್ಧತಿಯೇ ಆಯಿತು. ದೊಡ್ಡವರು ಚಿಕ್ಕವರಿಗೆ ಕಲಿಸಿದರು. ಎರಡು ಸಾವಿರದ ಇಸವಿಯ ಆಚೆ, ನಾನು ನಿವೃತ್ತಿಗೆ ಹತ್ತಿರವಾದಾಗಲೂ, ಹೆಸರೂ ಗೊತ್ತಿಲ್ಲದ ಎಂಟನೇ ತರಗತಿಯ ಹುಡುಗಿಯೊಬ್ಬಳು ಸ್ಟೂಲಿನ ಮೇಲಿಂದ ನನಗೇ "ಮಿಸ್, ದೀಪ ಆಫ್ ಮಾಡಿ, ಲೆಕ್ಕ ತಪ್ತದೆ" ಎಂದು ಗದರಿದಳು. ಅಷ್ಟು ಸಂತೋಷ ನನಗೆ ಯಾವ ಸನ್ಮಾನದಲ್ಲೂ ಆಗಿಲ್ಲ.

ಆ ಭಾನುವಾರದ ಕತೆ ಇನ್ನೂ ಮುಗಿದಿಲ್ಲ. ಅಂತೋಣಿ ಗೋಡೆ ಮುಚ್ಚುತ್ತಿರುವಾಗ ಹಾಸ್ಟೆಲಿನ ಮುಂದೆ ಬಾಡಿಗೆ ಜೀಪು ನಿಂತಿತು. ಸುನಂದಳ ತಂದೆ ಹೂವಪ್ಪನವರು ಇಳಿದರು. ಜಾವಳಿಯ ಹತ್ತಿರ ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ ಇದ್ದ ಮನುಷ್ಯ. ಛತ್ರಿ ಮಡಚಿ ಬಾಗಿಲ ಹೊರಗೇ ನಿಂತರು. ಮಗಳ ಮುಖ ನೋಡಲಿಲ್ಲ. "ಸಾಮಾನು ಕಟ್ಕೊ" ಎಂದಷ್ಟೇ ಹೇಳಿದರು. ಜೀಪಿನ ಡ್ರೈವರ್ ಅವಳ ಟ್ರಂಕು ಎತ್ತಲು ಒಳಗೆ ಬಂದ.

ಮಂಜೇಗೌಡರು ಎದ್ದು ಹೋಗಿ ಹೂವಪ್ಪನವರ ಎದುರು ನಿಂತರು. "ಹೂವಪ್ಪ, ನಿಮ್ಮ ಮಗಳು ಹೇಳಿದ್ದು ಸರಿ ಇತ್ತು. ತಂತಿಗೆ ಕರೆಂಟ್ ಬಂದಿತ್ತು. ನಾವು ಯಾರೂ ಅವಳ ಮಾತು ಕೇಳ್ಲಿಲ್ಲ. ತಪ್ಪು ನಮ್ದು. ಅವಳು ಹೇಳ್ದೆ ಇದ್ರೆ ಇಲ್ಲಿ ಒಂದು ಮಗು ಹೋಗ್ತಿತ್ತು."

ಹೂವಪ್ಪನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಂತೋಣಿ ಅವರನ್ನು ಕರೆದುಕೊಂಡು ಹೋಗಿ ಮೊಳೆ ಇದ್ದ ಜಾಗ ತೋರಿಸಿದ. ಅವರು ಹಿಂದಿರುಗಿ ಬಂದು ಮಗಳ ಮುಂದೆ ನಿಂತರು.

"ಯಾವಾಗಿಂದ ಹೊಡೀತಿತ್ತವ್ವ?"

"ಮಳೆ ಹಿಡಿದಾಗಿಂದ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ ಅಪ್ಪಯ್ಯ. ಪಂಚಮಿಗೆ ಮನೆಗೆ ಬಂದಾಗ ಹೇಳಿದ್ದೆ. ಓದೋಕೆ ಮನಸ್ಸಿಲ್ದೆ ಹಿಂಗೆಲ್ಲ ಹೇಳ್ತಾಳೆ ಅಂದ್ರಿ."

ಅವರು ಮಗಳ ಬಲಗೈಯನ್ನು ಹಿಡಿದು ಅಂಗೈ, ಬೆರಳು, ಮೊಣಕೈ ಎಲ್ಲವನ್ನೂ ತಿರುಗಿಸಿ ತಿರುಗಿಸಿ ನೋಡಿದರು, ಈಗ ಎಲ್ಲಾದರೂ ನೋವಿದೆಯೇ ಎನ್ನುವಂತೆ. ಅಷ್ಟರಲ್ಲಿ ಡ್ರೈವರ್ ಟ್ರಂಕು ಹೊತ್ತು ಬಾಗಿಲಿಗೆ ಬಂದಿದ್ದ.

"ಅದನ್ನ ವಾಪಸ್ ಇಡು ಮಾರಾಯ" ಎಂದರು ಹೂವಪ್ಪನವರು. "ಅವಳು ಬರಲ್ಲ. ಅವಳಿಗಿಲ್ಲಿ ಕೆಲ್ಸ ಐತೆ."

ಜೀಪು ತಿರುವಿನಲ್ಲಿ ಮರೆಯಾಗುವವರೆಗೆ ಸುನಂದ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಬಂದು ಮುಖ ಒರೆಸಿಕೊಂಡು ಕರಿಹಲಗೆಯ ಕಡೆ ನೋಡಿದಳು. ಟ್ಯಾಂಕಿನಲ್ಲಿ ನೀರು ಮುಗಿದಿದೆ ಎಂದು ಅಡುಗೆಮನೆಯಿಂದ ಯಾರೋ ಕೂಗಿದರು.

"ಪಂಪು ಹಾಕ್ತೀನಿ" ಎಂದಳು ಸುನಂದ, ಎಲ್ಲರಿಗೂ ಕೇಳುವಂತೆ. "ಗೀಸರ್ ಯಾರಾದ್ರೂ ಆಫ್ ಮಾಡಿ."

ಮೊದಲು ಎದ್ದವರು ಜಯಮ್ಮನವರು.